ಹೂಧೂಳಿಗೆ ಕಟ್ಟಿದ ದನಿ

“ಮೂರನೇ ಪಾಠದಿಂದ ಈಚೆಗೆ ನಿಮ್ಮ ದನಿ ಕಟ್ಟಿದೆ.”

ರೆಕಾರ್ಡಿಂಗ್ ರೂಮಿನ ಬಾಗಿಲು ತಳ್ಳಿಕೊಂಡು ಹೊರಗೆ ಬಂದ ರಂಜಿನಿಯ ಕಿವಿಗೆ ಬಿದ್ದ ಮೊದಲ ಮಾತೇ ಅದು.

ಅವಳ ಕಣ್ಣು ಕೆಂಪಗಾಗಿತ್ತು. ಒರೆಸಿ ಒರೆಸಿ ಮೂಗಿನ ತುದಿ ಉರಿಯುತ್ತಿತ್ತು. ಒಳಗೆ ಮೈಕಿನ ಮುಂದೆ ಒಂದೇ ವಾಕ್ಯವನ್ನು ಮತ್ತೆ ಮತ್ತೆ ಓದಿದ್ದಳು. ಪ್ರತಿ ಸಲವೂ ನಡುವೆ ಸೀನು. ಕೊನೆಗೆ ಸಾಕಪ್ಪಾ ಸಾಕು ಅಂತ ಎದ್ದು ಬಂದಿದ್ದಳು.

ಮಾತಾಡಿದವನು ಗೋಡೆ ಪಕ್ಕದ ಬೆಂಚಿನ ಮೇಲೆ ಕೂತಿದ್ದ. ತಿಳಿ ನೀಲಿ ಶರ್ಟು, ತೊಡೆಯ ಮೇಲೆ ಮಡಿಸಿಟ್ಟ ಬಿಳಿ ಕೋಲು. ಮುಖ ಅವಳ ಕಡೆಗಿತ್ತು, ನೋಟ ಮಾತ್ರ ಎಲ್ಲೂ ನಿಂತಿರಲಿಲ್ಲ. ಕಣ್ಣು ಕಾಣದವನು ಅಂತ ಅವಳಿಗೆ ತಕ್ಷಣ ಗೊತ್ತಾಯಿತು. ಆದರೂ ಸಿಟ್ಟು ಇಳಿಯಲಿಲ್ಲ.

“ಕಂಪ್ಲೇಂಟ್ ಹೇಳೋಕೆ ಬಂದಿದೀರಾ?”

“ಇಲ್ಲ ಮೇಡಂ. ಒಂದು ವಿಷಯ ಕೇಳೋಕೆ ಬಂದೆ.”

“ಏನು?”

“ಸೀನು ಬೆಳಿಗ್ಗೆ ಜಾಸ್ತಿನಾ, ಸಂಜೆ ಜಾಸ್ತಿನಾ ಅಂತ.”

ರಂಜಿನಿ ಬೆಪ್ಪಾದಳು. ಅವಳಿಗೆ ಔಷಧಿ ಹೇಳದವರೇ ಇರಲಿಲ್ಲ. ಬಸ್ಸಲ್ಲಿ ಪಕ್ಕ ಕೂತವರು ಹೇಳಿದ್ದಾರೆ, ತರಕಾರಿ ಅಂಗಡಿಯವರು ಹೇಳಿದ್ದಾರೆ. ಆದರೆ ಹೀಗೆ ಒಂದು ಪ್ರಶ್ನೆ ಕೇಳಿದವರು ಯಾರೂ ಇಲ್ಲ.

“ಬೆಳಿಗ್ಗೆ...” ಅಂದಳು, ತನಗೇ ಗೊತ್ತಿಲ್ಲದ ಹಾಗೆ. “ಮನೆಯಿಂದ ಹೊರಟು ಬಸ್ ಸ್ಟಾಪಿಗೆ ಬರೋಷ್ಟರಲ್ಲಿ ಮುಗೀತು ನನ್ನ ಕಥೆ.”

“ದಾರೀಲಿ ಖಾಲಿ ಸೈಟುಗಳಿದಾವಾ?”

ಅಷ್ಟರಲ್ಲಿ ಅಲಮೇಲು ಮೇಡಂ ಕಾಫಿ ಲೋಟಗಳನ್ನು ಹಿಡಿದು ಮೆಟ್ಟಿಲು ಹತ್ತಿ ಬಂದರು. “ಪರಿಚಯ ಆಯ್ತಾ? ರಂಜಿನಿ, ಇವರು ನಾಗೇಂದ್ರ ಅಂತ. ಡಿಗ್ರಿ ಕಾಲೇಜಲ್ಲಿ ಹಿಸ್ಟರಿ ಲೆಕ್ಚರರ್. ಎಂ.ಎ. ಓದಿದ್ದೇ ನಮ್ಮ ರೆಕಾರ್ಡಿಂಗ್ ಕೇಳ್ಕೊಂಡು. ಈಗ ಇವರ ಸ್ಟೂಡೆಂಟ್ಸಿಗೋಸ್ಕರಾನೇ ನೀನು ಆ ಪುಸ್ತಕ ಓದ್ತಿರೋದು.”

ವಿಜಯನಗರದ ಆ ಅಡ್ಡರಸ್ತೆಯ ಮನೆಯ ಮಹಡಿಯಲ್ಲಿದ್ದದ್ದು ‘ಶ್ರುತಿಪುಟ’ ಅನ್ನುವ ಪುಟ್ಟ ಧ್ವನಿ ಗ್ರಂಥಾಲಯ. ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪಾಠದ ಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡಿಕೊಡುವ ಜಾಗ. ಟೀಚರಾಗಿ ರಿಟೈರಾದ ಅಲಮೇಲು ಮೇಡಂ ತಮ್ಮ ಮನೆಯ ಮಹಡಿಯನ್ನೇ ಅದಕ್ಕೆ ಬಿಟ್ಟುಕೊಟ್ಟಿದ್ದರು. ರಂಜಿನಿ ಹಗಲು ರಾಜಾಜಿನಗರದ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ಕ್ಲರ್ಕು. ಸಂಜೆ ಇಲ್ಲಿ ದನಿ. ಇದಕ್ಕೆ ಸಂಬಳ ಇಲ್ಲ. ಆದರೂ ಯಾರಾದರೂ ನಿನ್ನ ಕೆಲಸ ಏನು ಅಂತ ಕೇಳಿದರೆ ಅವಳ ಮನಸ್ಸಿಗೆ ಮೊದಲು ಬರುತ್ತಿದ್ದದ್ದು ಈ ಮೈಕೇ.

“ನಾನು ಎಂ.ಎ.ಗೆ ಕೇಳಿದ್ದರಲ್ಲಿ ಮುಕ್ಕಾಲು ಪಾಲು ನಿಮ್ಮ ದನಿ,” ಅಂದ ನಾಗೇಂದ್ರ. “ಪುಸ್ತಕದಲ್ಲಿ ಚಿತ್ರ ಬಂದ್ರೆ ಬೇರೆಯವರು ಹಾರಿಸಿಬಿಡ್ತಾರೆ. ನೀವು ನಿಂತು ಹೇಳ್ತೀರಿ. ದೇವಸ್ಥಾನದ ಫೋಟೋ ಇದ್ರೆ ಕಂಬ ಎಷ್ಟು ದಪ್ಪ, ನೆರಳು ಯಾವ ಕಡೆ ಬಿದ್ದಿದೆ, ಮೆಟ್ಟಿಲ ಮೇಲೆ ಯಾರೋ ಒಬ್ಬ ಅಜ್ಜಿ ಕೂತಿದಾರೆ ಅಂತ... ಆ ಅಜ್ಜಿ ಪರೀಕ್ಷೆಗೆ ಬರಲ್ಲ. ಆದ್ರೂ ಹೇಳಿದ್ರಿ. ಅವತ್ತಿಂದ ನಿಮ್ಮನ್ನ ಭೇಟಿ ಮಾಡ್ಬೇಕು ಅಂತಿತ್ತು.”

ಆ ಅಜ್ಜಿ ರಂಜಿನಿಗೂ ನೆನಪಿದ್ದಳು. ಆ ಅಜ್ಜಿಯ ಬಗ್ಗೆ ಓದಿದ ದಿನ, ಇದನ್ನು ಯಾರು ಕೇಳುತ್ತಾರೆ ಅಂತ ತನ್ನನ್ನೇ ಗೇಲಿ ಮಾಡಿಕೊಂಡಿದ್ದಳು.

ಕೇಳಿದವನು ಎದುರಿಗೇ ಕೂತಿದ್ದ.

*

ಹೇರೋಹಳ್ಳಿಯಲ್ಲಿ ರಂಜಿನಿಯ ಮನೆ. ತಾತನ ಕಾಲದಿಂದ ಅಲ್ಲೇ ಇದ್ದವರು ಅವರು. ಆಗ ರಾಗಿ ಹೊಲ ಇದ್ದ ಕಡೆಯೆಲ್ಲ ಈಗ ಸೈಟುಗಳು. ಕೆಲವಲ್ಲಿ ಮನೆ ಎದ್ದಿದೆ, ಉಳಿದವು ಖಾಲಿ. ಮುಂಗಾರು ಬಿದ್ದರೆ ಸಾಕು, ಆ ಖಾಲಿ ಸೈಟುಗಳ ತುಂಬ ಪಾರ್ಥೇನಿಯಂ ಗಿಡ ಎದೆಮಟ್ಟ ಬೆಳೆದು ನಿಲ್ಲುತ್ತದೆ. ನೋಡಲು ಚೆಂದ. ಹಸಿರಿನ ಮೇಲೆ ಅಕ್ಕಿ ಚೆಲ್ಲಿದ ಹಾಗೆ ಬಿಳಿ ಹೂವು. ಆ ಹೂವಿನ ಕಣ್ಣಿಗೆ ಕಾಣದ ಧೂಳೇ ರಂಜಿನಿಯ ಶತ್ರು.

ಪ್ರತಿ ವರ್ಷ ಗಣೇಶನ ಹಬ್ಬದ ಹೊತ್ತಿಗೆ ಶುರುವಾದರೆ ದೀಪಾವಳಿವರೆಗೂ ಸೀನು. ಮೆಡಿಕಲ್ ಶಾಪಿನವರು ಕೊಟ್ಟ ಮಾತ್ರೆ ನುಂಗಿದರೆ ಆಫೀಸಿನ ಟೇಬಲ್ ಮೇಲೇ ನಿದ್ದೆ. ಅಮ್ಮ ಯಶೋದಮ್ಮ ಅರಿಶಿನದ ಹಾಲು ಕೊಟ್ಟರು, ಮೆಣಸಿನ ಕಷಾಯ ಕುಡಿಸಿದರು. ಗಂಟಲಿಗೆ ಹಿತ ಅನ್ನಿಸುತ್ತಿತ್ತು. ಮೂಗು ಮಾತ್ರ ಯಾರ ಮಾತೂ ಕೇಳುತ್ತಿರಲಿಲ್ಲ.

ಹೋದ ವರ್ಷ ಇದೇ ಕಾಲದಲ್ಲಿ ಲಗ್ಗೆರೆಯಿಂದ ಹೆಣ್ಣು ನೋಡಲು ಬಂದಿದ್ದರು. ಕಾಫಿ ತಟ್ಟೆ ಹಿಡಿದು ಬಂದವಳಿಗೆ ಒಂದರ ಹಿಂದೆ ಒಂದು ಸೀನು. ಹುಡುಗನ ದೊಡ್ಡಮ್ಮ ಲೋಟ ಮುಟ್ಟದೆ ಕೇಳಿದ್ದರು, “ಹುಡುಗಿಗೆ ಉಬ್ಬಸ ಏನಾದ್ರೂ ಇದ್ಯಾ?”

ಆಮೇಲೆ ಅವರ ಕಡೆಯಿಂದ ಫೋನೇ ಬರಲಿಲ್ಲ. ಆ ಹುಡುಗ ಹೋದದ್ದಕ್ಕೆ ಅವಳಿಗೆ ಬೇಜಾರಿರಲಿಲ್ಲ. ಆದರೆ ಉಬ್ಬಸ ಅನ್ನುವ ಆ ಒಂದು ಪದ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಮುರಿದುಕೊಂಡಿತ್ತು. ಮೊದಲೇ ಡಾಕ್ಟರ ಹತ್ತಿರ ಹೋಗದಿದ್ದವಳು ಆಮೇಲಂತೂ ಆ ಕಡೆ ತಲೆಯೇ ಹಾಕಲಿಲ್ಲ. ಹೋದರೆ ಅವರೂ ಅದೇ ಪದ ಹೇಳಿಬಿಟ್ಟರೆ?

*

ಪರಿಚಯವಾದ ಆ ಸಂಜೆಯೇ ಇಬ್ಬರೂ ಶ್ರುತಿಪುಟದಿಂದ ಒಟ್ಟಿಗೇ ಬಸ್ ಸ್ಟಾಪಿನ ಕಡೆ ನಡೆದರು. ಕೋಲಿನ ತುದಿಯಿಂದ ಫುಟ್‌ಪಾತಿನ ಅಂಚು ಮುಟ್ಟಿಕೊಳ್ಳುತ್ತಾ ನಾಗೇಂದ್ರ ಸರಾಗವಾಗಿ ನಡೆಯುತ್ತಿದ್ದ.

“ನನಗೂ ಇದೇ ಕಾಯಿಲೆ,” ಅಂದ. “ಚಿಕ್ಕಂದಿನಿಂದ. ಮೂಡಲಪಾಳ್ಯದಲ್ಲಿ ನಮ್ಮ ಮನೆ ಹಿಂದೇನೇ ಇತ್ತು ಆ ಗಿಡ.”

“ಈಗ ಇಲ್ವಾ?”

“ಗಿಡ ಇದೆ. ಅಲರ್ಜೀನೂ ಇದೆ. ಅದರ ಜೊತೆ ಬದುಕೋದು ಕಲ್ತಿದೀನಿ ಅಷ್ಟೇ.”

“ಏನು ಮಾಡ್ತೀರಾ?”

“ಮೊದಲು ಡಾಕ್ಟರ್ ಹತ್ರ ಹೋದೆ. ಯಾವುದಕ್ಕೆ ಅಲರ್ಜಿ, ಎದೆಗೆ ಇಳಿದಿದ್ಯಾ ಇಲ್ವಾ ಅಂತ ನೋಡಿಸ್ಕೊಂಡೆ. ಉಳಿದಿದ್ದೆಲ್ಲ ಆಮೇಲೆ. ನೀವು ಹೋಗಿದೀರಾ?”

ರಂಜಿನಿ ಬ್ಯಾಗಿನ ಪಟ್ಟಿ ಸರಿಮಾಡಿಕೊಂಡಳು. “ಹೂಂ... ಹೋಗಿದ್ದೆ,” ಅಂತ ಸುಳ್ಳು ಹೇಳಿದಳು.

ಅವನು ನಂಬಿದ. “ಹಾಗಾದ್ರೆ ಸರಿ. ಬೆಳಿಗ್ಗೆ ಹೊತ್ತು ಕಿಟಕಿ ತೆಗೀಬೇಡಿ. ಹೂವಿನ ಧೂಳು ಆಗಲೇ ಜಾಸ್ತಿ ಹಾರಾಡೋದು. ಹೊರಗೆ ಹೋಗುವಾಗ ಮಾಸ್ಕ್ ಹಾಕ್ಕೊಳ್ಳಿ. ಬಟ್ಟೆ ಎಲ್ಲಿ ಒಣಗಿಸ್ತೀರಾ?”

“ಟೆರೇಸ್ ಮೇಲೆ. ಪಕ್ಕದ್ದೇ ಖಾಲಿ ಸೈಟು.”

“ಅಂದ್ರೆ ಆ ಧೂಳನ್ನ ದಿನಾ ಮೈಮೇಲೆ ಉಟ್ಕೊಂಡು ಓಡಾಡ್ತಿದೀರಿ.” ಅವನು ನಕ್ಕ. “ಒಳಗೇ ಒಣಗಿಸಿ. ಮನೆಗೆ ಬಂದ ತಕ್ಷಣ ಸ್ನಾನ ಮಾಡಿ, ಬಟ್ಟೆ ಬದಲಾಯಿಸಿ. ಕೂದಲಲ್ಲಿ ಕೂತಿರೋ ಧೂಳು ರಾತ್ರಿ ದಿಂಬಿಗೆ ಬರುತ್ತೆ. ಆಮೇಲೆ ಉಪ್ಪು ನೀರಲ್ಲಿ ಮೂಗು ತೊಳ್ಕೊಳ್ಳಿ. ನೀರು ಮಾತ್ರ ಚೆನ್ನಾಗಿ ಕುದಿಸಿ ಆರಿಸಿರಬೇಕು. ಸೀದಾ ನಲ್ಲಿ ನೀರು ಹಾಕಬಾರದು.”

“ಜೇನುತುಪ್ಪ ತಿಂದ್ರೆ ಹೋಗುತ್ತಂತೆ?”

“ನಾನೂ ತಿಂದೆ. ಜೇನು ಖಾಲಿ ಆಯ್ತು, ಸೀನು ಹಾಗೇ ಇತ್ತು.”

ಎಷ್ಟೋ ದಿನಗಳ ನಂತರ ರಂಜಿನಿ ಮನಸಾರೆ ನಕ್ಕಳು. ನಗುವಿನ ಕೊನೆಗೆ ಒಂದು ಸೀನು ಬಂತು. ಅವನೂ ಸೀನಿದ. ಇಬ್ಬರಿಗೂ ಮತ್ತೆ ನಗು. ಬಸ್ಸಿಗೆ ಕಾಯುತ್ತಿದ್ದವರು ತಿರುಗಿ ನೋಡಿದರು. ಅವಳಿಗೆ ಮೊದಲ ಸಲ ನಾಚಿಕೆ ಅನ್ನಿಸಲಿಲ್ಲ.

ಅವತ್ತಿಂದ ಅವಳು ಅವನು ಹೇಳಿದ್ದನ್ನೆಲ್ಲ ಮಾಡಿದಳು... ಡಾಕ್ಟರ ವಿಷಯ ಒಂದನ್ನು ಬಿಟ್ಟು. ಉಪ್ಪು ನೀರು ಮೊದಮೊದಲು ನೆತ್ತಿಗೇರಿ ಕಣ್ಣಲ್ಲಿ ನೀರು ಬರಿಸಿತು. ಆಮೇಲೆ ಹದ ಸಿಕ್ಕಿತು. ಅಪ್ಪ ಮುನಿರಾಮಯ್ಯ ಹಜಾರದಲ್ಲಿ ಅಡ್ಡಡ್ಡ ಹಗ್ಗ ಕಟ್ಟಿಕೊಟ್ಟರು. ಒದ್ದೆ ಬಟ್ಟೆಗಳ ಕೆಳಗೆ ಬಗ್ಗಿ ಓಡಾಡುತ್ತಾ, “ಇದೇನು ಮನೆನೋ ದೋಬಿಘಾಟೋ,” ಅಂತ ಗೊಣಗಿದರು. ಆದರೆ ಹಗ್ಗ ಬಿಚ್ಚಲಿಲ್ಲ.

ಸೀನು ಪೂರ್ತಿ ನಿಲ್ಲಲಿಲ್ಲ. ಬೆಳಗಿನ ಆ ಬಿಡುವಿಲ್ಲದ ಸರಮಾಲೆ ಮಾತ್ರ ತುಂಡಾಯಿತು. ಒಂದು ಪುಟ, ಕೆಲವೊಮ್ಮೆ ಎರಡು ಪುಟ ಒಂದೇ ಉಸಿರಿಗೆ ಓದಿ ಮುಗಿಸುವಂತಾದಳು.

ಮುಗಿಸಿದಾಗಲೆಲ್ಲ ಅವನಿಗೊಂದು ಫೋನ್. ಅದು ಅಲರ್ಜಿಯ ಮಾತಿನಿಂದ ಶುರುವಾಗಿ ಇನ್ನೆಲ್ಲೋ ಹೋಗಿ ನಿಲ್ಲುತ್ತಿತ್ತು.

*

ಒಂದು ಶನಿವಾರ ಅವನ ಕ್ಲಾಸು ನೋಡಲು ಹೋದಳು. ತಾನು ಓದಿದ್ದನ್ನು ಹುಡುಗರು ಹೇಗೆ ಬಳಸುತ್ತಾರೆ ಅಂತ ತಿಳಿಯೋಣ ಅಂತ ನೆಪ.

ಕ್ಲಾಸಿನಲ್ಲಿ ಕಣ್ಣಿರುವವರೂ ಇದ್ದರು, ಇಲ್ಲದವರೂ ಇದ್ದರು. ಅವತ್ತಿನ ಪಾಠ ಬೆಂಗಳೂರಿನ ಕೆರೆಗಳದ್ದು. ಟೇಬಲ್ ಮೇಲೆ ಒಂದು ದೊಡ್ಡ ರಟ್ಟು. ಅದರ ಮೇಲೆ ದಾರ ಅಂಟಿಸಿ ಕಾಲುವೆ, ರವೆ ಅಂಟಿಸಿ ಕೆರೆ, ಕಡ್ಡಿ ಅಂಟಿಸಿ ಕೋಟೆಯ ಗೋಡೆ ಮಾಡಿದ್ದ.

“ಎಲ್ಲರೂ ಕಣ್ಣು ಮುಚ್ಕೊಂಡು ಬನ್ನಿ,” ಅಂದ ನಾಗೇಂದ್ರ. “ಕಣ್ಣು ಕಾಣೋರಿಗೂ ಇವತ್ತು ರಿಯಾಯಿತಿ ಇಲ್ಲ. ನೀರು ಎತ್ತರದಿಂದ ಎಲ್ಲಿಗೆ ಹರಿಯುತ್ತೆ ಅಂತ ಬೆರಳಲ್ಲಿ ಹಿಡೀರಿ.”

ಹುಡುಗರು ಸಾಲಾಗಿ ಬಂದು ಮುಟ್ಟಿದರು. ಒಬ್ಬ ಹುಡುಗಿ ಒಂದು ಕೆರೆಯ ಮೇಲೆ ಬೆರಳು ಇಟ್ಟು, “ಸಾರ್, ಇದಕ್ಕೆ ಬರೋ ದಾರ ಕಿತ್ತೋಗಿದೆ,” ಅಂದಳು.

“ಕಿತ್ತೋಗಿಲ್ಲಮ್ಮ. ನಾನೇ ಕತ್ತರಿಸಿದ್ದು. ಆ ಕಾಲುವೆ ಇದ್ದ ಕಡೆ ಈಗ ಬಸ್ ಸ್ಟ್ಯಾಂಡ್ ಇದೆ. ಕೆರೆ ಯಾಕೆ ಒಣಗಿತು ಅಂತ ಈಗ ನೀನೇ ಹೇಳು.”

ಹುಡುಗಿಯ ಬೆರಳು ಆ ತುಂಡಾದ ದಾರದ ಕಡೆಗೇ ಮತ್ತೆ ಹೋಯಿತು. ಹಿಂದಿನ ಬೆಂಚಿನಲ್ಲಿ ಕೂತಿದ್ದ ರಂಜಿನಿಗೆ ಮೈ ಜುಂ ಅಂದಿತು. ಎಷ್ಟು ಪುಸ್ತಕ ಓದಿದ್ದಳು ಅವಳು, ಎಷ್ಟು ನಕ್ಷೆಗಳನ್ನು ಮಾತಿನಲ್ಲಿ ಬಿಡಿಸಿ ಹೇಳಿದ್ದಳು. ಹೀಗೊಂದು ಪಾಠ ಯಾರಾದರೂ ತನಗೆ ಮಾಡಿದ್ದರೆ...

ಅವನ ಬಗ್ಗೆ ಅಯ್ಯೋ ಪಾಪ ಅನ್ನಿಸುತ್ತದೇನೋ ಅಂತ ಒಂದು ಕಾಲಕ್ಕೆ ಹೆದರಿದ್ದಳು. ಈಗ ಅನ್ನಿಸುತ್ತಿದ್ದದ್ದು ಬೇರೆ. ಈ ಮನುಷ್ಯನ ಪಕ್ಕದಲ್ಲಿ ನಡೆಯುವುದು ಒಂದು ಹೆಮ್ಮೆ.

‘ಇದು ಬರೀ ಗೌರವ ಅಲ್ಲ ಕಣೇ ರಂಜಿನಿ,’ ಅಂತ ಮನಸ್ಸು ಮೆಲ್ಲಗೆ ಹೇಳಿತು.

*

ಎಲ್ಲಾ ಚೆನ್ನಾಗಿ ಹೋಗುತ್ತಿತ್ತು, ಆ ಬುಧವಾರ ಬರುವವರೆಗೆ.

ಆಫೀಸು ಬೇಗ ಮುಗಿಸಿ ಶ್ರುತಿಪುಟದ ಮೆಟ್ಟಿಲು ಹತ್ತುತ್ತಿದ್ದಳು. ಮೇಲಿನಿಂದ ನಾಗೇಂದ್ರನ ದನಿ ಕೇಳಿಸಿತು. ಅವನು ಬರುತ್ತಾನೆ ಅಂತ ಗೊತ್ತಿರಲಿಲ್ಲ. ಸಂತೋಷದಿಂದ ಹೆಜ್ಜೆ ಚುರುಕಾಯಿತು.

“ಆ ದನಿಯಲ್ಲಿ ಇನ್ನು ಬೇಡ ಮೇಡಂ,” ಅನ್ನುತ್ತಿದ್ದ ಅವನು. “ಉಳಿದ ಪಾಠ ಅವರ ಹತ್ರ ಓದಿಸಬೇಡಿ. ನಾನು ಬೇರೆ ವ್ಯವಸ್ಥೆ ಮಾಡ್ತೀನಿ.”

ರಂಜಿನಿಯ ಕಾಲು ಅಲ್ಲೇ ನಿಂತಿತು.

ಸದ್ದು ಮಾಡದೆ ಕೆಳಗಿಳಿದು ಬೀದಿಯ ತಿರುವಿನಲ್ಲಿದ್ದ ಅಂಗಡಿಯ ಮರೆಗೆ ಹೋಗಿ ನಿಂತಳು. ಅವನು ಹೊರಟುಹೋದ ಮೇಲೆ ಮತ್ತೆ ಮಹಡಿ ಹತ್ತಿದಳು. ಅಲಮೇಲು ಮೇಡಂ ಅವಳ ಮುಖ ನೋಡದೆ ಮೈಕಿನ ವೈರು ಸುತ್ತುತ್ತಿದ್ದರು.

“ಬಂದ್ಯಾಮ್ಮ... ಇನ್ನು ಸ್ವಲ್ಪ ದಿನ ರೆಸ್ಟ್ ತಗೋ. ಈ ಪುಸ್ತಕ ಬೇರೆಯವರು ಮುಗಿಸ್ತಾರೆ.”

“ನಾಗೇಂದ್ರ ಸಾರ್ ಹೇಳಿದ್ರಾ?”

“ಹೇಳಿದ್ರು... ಅಂದ್ರೆ, ಪರೀಕ್ಷೆ ಹತ್ರ ಬಂತಲ್ಲ. ತಪ್ಪು ತಿಳ್ಕೋಬೇಡ.”

“ಇಲ್ಲ ಮೇಡಂ. ತಪ್ಪೇನಿದೆ ಅದರಲ್ಲಿ.”

ಬಸ್ಸಿನ ಕಿಟಕಿಗೆ ಮುಖ ಮಾಡಿ ಕೂತಳು. ಕಣ್ಣಲ್ಲಿ ನೀರು ಸುರಿಯುತ್ತಿದ್ದದ್ದು ಅಲರ್ಜಿಗೆ ಅಂತ ಪಕ್ಕದವರು ತಿಳಿದುಕೊಂಡಿರಬೇಕು.

‘ಸೀನುವ ಹುಡುಗಿ ಲಗ್ಗೆರೆಯವರಿಗೆ ಬೇಡವಾದಳು. ಕಟ್ಟಿದ ದನಿ ಇವನಿಗೆ ಬೇಡವಾಯಿತು. ಇಷ್ಟೇ ವ್ಯತ್ಯಾಸ. ಅವರು ಎದುರಿಗೇ ಕೇಳಿದ್ದರು. ಇವನು ನನ್ನ ಹತ್ತಿರ ಒಂದು ಮಾತೂ ಹೇಳಲಿಲ್ಲ...’

ಅವನ ಫೋನ್ ಬಂದಾಗ ತೆಗೆಯಲಿಲ್ಲ. ಮತ್ತೆ ಬಂತು. ಆಗಲೂ ಇಲ್ಲ. ಆಮೇಲೆ ಅವನೂ ಮಾಡಲಿಲ್ಲ.

ಕೋಪದಲ್ಲಿ ಮೂಗು ಕೊಯ್ದುಕೊಂಡರು ಅನ್ನುವ ಮಾತು ಅವಳ ಮಟ್ಟಿಗೆ ಅಕ್ಷರಶಃ ನಿಜವಾಯಿತು. ಅವನು ಕಲಿಸಿದ್ದನ್ನೆಲ್ಲ ಹಟಕ್ಕೆ ಬಿಟ್ಟಳು. ಉಪ್ಪು ನೀರು ನಿಂತಿತು, ಮಾಸ್ಕು ಮೂಲೆ ಸೇರಿತು, ಕಿಟಕಿಗಳು ಬೆಳಿಗ್ಗೆಯೇ ತೆರೆದುಕೊಂಡವು.

ಮಗಳ ಸೀನು ಮತ್ತೆ ಹೆಚ್ಚಾದದ್ದು ಕಂಡು ಮುನಿರಾಮಯ್ಯನವರಿಗೆ ತಡೆಯಲಾಗಲಿಲ್ಲ. ಎರಡು ವಾರ ಕಳೆದ ಮೇಲೆ ಒಂದು ಭಾನುವಾರ ಪಕ್ಕದ ಮನೆಯವರನ್ನು ಸೇರಿಸಿಕೊಂಡು ಕುಡುಗೋಲು ಹಿಡಿದು ಖಾಲಿ ಸೈಟಿಗೆ ಇಳಿದರು. ಗಿಡಗಳು ಪೂರ್ತಿ ಹೂವಲ್ಲಿದ್ದವು. ಒಂದೊಂದು ಏಟಿಗೂ ಬಿಳಿ ಹೂವು ಉದುರಿ ಚೆದುರುತ್ತಿತ್ತು.

“ನೀನು ಒಳಗೆ ಹೋಗಮ್ಮ,” ಅಂದರು ಅಪ್ಪ.

“ನನಗೋಸ್ಕರ ನೀವೆಲ್ಲ ಒದ್ದಾಡ್ತಿದೀರಾ. ನಾನು ಒಳಗೆ ಕೂರ್ಲಾ?” ಅಂತ ಅವಳು ಕಡಿದ ಗಿಡಗಳನ್ನು ಬರಿಗೈಯಲ್ಲಿ ಬಾಚಿ ಎಳೆಯತೊಡಗಿದಳು.

ಮಧ್ಯಾಹ್ನದ ಹೊತ್ತಿಗೆ ಕೈಯೆಲ್ಲ ಕೆಂಪು ದದ್ದು. ಸಂಜೆಗೆ ಎದೆಯ ಮೇಲೆ ಯಾರೋ ಕೂತ ಹಾಗೆ ಭಾರ. ಉಸಿರು ಎಳೆದರೆ ಒಳಗೆ ಹೋಗುತ್ತಿಲ್ಲ, ಬಿಟ್ಟರೆ ಸಿಳ್ಳೆ ಹೊಡೆದ ಹಾಗೆ ಸದ್ದು. ಮಾತಾಡಲು ಬಾಯಿ ತೆರೆದಳು. ದನಿಯೇ ಹೊರಡಲಿಲ್ಲ.

ಮುನಿರಾಮಯ್ಯ ಆಟೋ ತಂದರು. ಆ ಗುಂಡಿ ರಸ್ತೆಯಲ್ಲಿ ಆಸ್ಪತ್ರೆ ತಲುಪುವವರೆಗೆ ಮಗಳ ಕೈಯನ್ನು ಬಿಡಲಿಲ್ಲ.

*

ಮೂಗು ಬಾಯಿಗೆ ಮಾಸ್ಕ್ ಕಟ್ಟಿ ಔಷಧಿಯ ಹಬೆ ಕೊಟ್ಟ ಮೇಲೆ ಉಸಿರು ಮೆಲ್ಲಗೆ ಹಾದಿಗೆ ಬಂತು.

ವಯಸ್ಸಾದ ಲೇಡಿ ಡಾಕ್ಟರು ಅವಳ ಪಕ್ಕದಲ್ಲೇ ಕೂತು ಕೇಳಿದರು. “ಎಷ್ಟು ವರ್ಷದಿಂದ ಇದೆ? ಯಾರಿಗೂ ತೋರಿಸಿಲ್ವಾ?”

“ಭಯ ಆಗ್ತಿತ್ತು ಡಾಕ್ಟ್ರೇ... ಉಬ್ಬಸ ಅಂತ ಹೇಳಿಬಿಡ್ತೀರಾ ಅಂತ.”

“ಉಬ್ಬಸಾನೇ. ಹೂವಿನ ಧೂಳಿನ ಅಲರ್ಜಿ ಎದೆಗೆ ಇಳಿದಿದೆ. ಹೆಸರು ಹೇಳದೇ ಇದ್ರೆ ಅದು ಸುಮ್ಮನಿರುತ್ತಾ? ಇನ್ಹೇಲರ್ ಬರೆದುಕೊಡ್ತೀನಿ, ಹೇಳಿದ ಹಾಗೆ ತಗೊಂಡ್ರೆ ಎಲ್ಲರ ಹಾಗೆ ಓಡಾಡ್ಕೊಂಡು ಇರಬಹುದು.”

ಉಪ್ಪು ನೀರು, ಮಾಸ್ಕು, ಒಳಗೆ ಒಣಗಿಸಿದ ಬಟ್ಟೆ... ಎಲ್ಲವನ್ನೂ ರಂಜಿನಿ ಹೇಳಿದಳು. ಡಾಕ್ಟರು ತಲೆಯಾಡಿಸಿದರು. “ಒಳ್ಳೇದೇ. ಅದನ್ನ ಬಿಟ್ಟಿದ್ದೇ ತಪ್ಪು. ಅದೂ ಇರಲಿ, ಇದೂ ಇರಲಿ. ಯಾರು ಹೇಳಿಕೊಟ್ಟಿದ್ದು?”

ರಂಜಿನಿ ಹೊದಿಕೆ ಎಳೆದುಕೊಂಡಳು. ಮುಖ ಗೋಡೆಯ ಕಡೆ ತಿರುಗಿಸಿದಳು.

ಮನೆಗೆ ಬಂದ ಮಾರನೇ ದಿನ, ಆಸ್ಪತ್ರೆ ಸೇರಿದ್ದ ವಿಷಯ ತಿಳಿದು ಅಲಮೇಲು ಮೇಡಂ ಹುಡುಕಿಕೊಂಡು ಬಂದರು. ಕುರ್ಚಿಯಲ್ಲಿ ಕೂತು ಸೆರಗಿನ ತುದಿ ಹಿಂಡಿದರು.

“ನಂದೇ ತಪ್ಪಮ್ಮ,” ಅಂದರು. “ನಾಗೇಂದ್ರ ಏನಂದ್ರು ಗೊತ್ತಾ? ನಿನ್ನ ರೆಕಾರ್ಡಿಂಗಲ್ಲಿ ವಾಕ್ಯದ ಕೊನೆಗೆ ಉಸಿರಲ್ಲಿ ಸಿಳ್ಳೆ ಕೇಳಿಸ್ತಿದೆ, ಅವರು ಡಾಕ್ಟರ್ ಹತ್ರ ಹೋಗಿಲ್ಲ ಅನ್ಸುತ್ತೆ, ಓದಿಸಿ ಸುಸ್ತು ಮಾಡ್ಬೇಡಿ ಅಂತ. ಕಾಲೇಜಲ್ಲಿದ್ದಾಗ ಅವರೂ ಹೀಗೇ ಅಸಡ್ಡೆ ಮಾಡಿ ಆಸ್ಪತ್ರೆ ಸೇರಿದ್ರಂತೆ. ಪರೀಕ್ಷೆನೇ ತಪ್ಪಿಹೋಯ್ತಂತೆ. ನಿನಗೆ ಹೇಳಿ ಅಂದ್ರು. ನೀನು ಹೆದರ್ತೀಯಾ ಅಂತ ನಾನು ಮುಚ್ಚಿಟ್ಟೆ.”

ರಂಜಿನಿ ಎದ್ದು ಕೂತಳು. “ಅವರೇ ಯಾಕೆ ನನಗೆ ಹೇಳಲಿಲ್ಲ?”

“ಅದನ್ನ ಅವರನ್ನೇ ಕೇಳು. ಉಳಿದ ಪಾಠಾನ ಯಾರು ಓದ್ತಿದಾರೆ ಗೊತ್ತಾ?” ಮೇಡಂ ಮೊಬೈಲ್ ತೆಗೆದು ಅವಳ ಫೋನಿಗೆ ಒಂದು ರೆಕಾರ್ಡಿಂಗ್ ಕಳಿಸಿದರು. “ಬ್ರೈಲ್ ಲಿಪಿಗೆ ಮಾಡಿಸ್ಕೊಂಡು, ದಿನಾ ಕಾಲೇಜ್ ಮುಗಿಸಿ ಬಂದು, ಬೆರಳಲ್ಲಿ ಮುಟ್ಟಿ ಮುಟ್ಟಿ ಓದ್ತಿದಾರೆ.”

ಅವರು ಹೋದ ಮೇಲೆ ರಂಜಿನಿ ರೆಕಾರ್ಡಿಂಗ್ ಹಾಕಿದಳು. ನಾಗೇಂದ್ರನ ದನಿ. ಪಳಗಿದ ಓದುಗನ ದನಿಯಲ್ಲ. ಅಲ್ಲಲ್ಲಿ ತಡವರಿಸುತ್ತಿತ್ತು, ಮತ್ತೆ ಹಿಂದಕ್ಕೆ ಹೋಗಿ ಸರಿಪಡಿಸಿಕೊಳ್ಳುತ್ತಿತ್ತು.

‘ಈ ಪುಸ್ತಕವನ್ನು ಓದುತ್ತಿದ್ದವರು ರಂಜಿನಿ. ಅವರು ಹುಷಾರಾಗಿ ಬರುವವರೆಗೆ ನಾನು ಓದುತ್ತೇನೆ.’

ಪಾಠದ ನಡುವೆ ಒಂದು ಕಡೆ ಓದು ನಿಂತಿತು.

‘ಇಲ್ಲಿ ಒಂದು ಚಿತ್ರ ಇದೆಯಂತೆ. ಅದನ್ನು ಹೇಳುವುದು ನನ್ನ ಕೈಲಾಗದು. ರಂಜಿನಿಯವರು ಬಂದು ಹೇಳುತ್ತಾರೆ. ಅವರಿಗೆ ಜಾಗ ಬಿಟ್ಟಿದ್ದೇನೆ.’

ಆಮೇಲೆ ಬರೀ ಮೌನ. ಅವಳಿಗಾಗಿ ಅವನು ಬಿಟ್ಟ ಮೌನ.

ರಂಜಿನಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಮುನಿರಾಮಯ್ಯ ಬಂದು ಹತ್ತಿರ ಕೂತರು. “ಯಾರಮ್ಮ ಇದು, ಈ ಮೇಷ್ಟ್ರು?”

ಅವಳು ಎಲ್ಲವನ್ನೂ ಹೇಳಿದಳು. ಅಪ್ಪ ಕೊನೆವರೆಗೂ ಕೇಳಿದರು. ಆಮೇಲೆ, “ಕಣ್ಣು ಕಾಣಲ್ಲ ಅಂತೀಯ. ನಾಳೆ ಕಷ್ಟ ಆಗಲ್ವಾ?” ಅಂದರು.

“ಆಗಬಹುದು ಅಪ್ಪ. ನನ್ನ ಮೂಗು ಕಟ್ಕೊಂಡು ಅವರಿಗೂ ಕಷ್ಟಾನೇ.”

ಮುನಿರಾಮಯ್ಯನವರಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಕಣ್ಣೊರೆಸಿಕೊಂಡರು. “ಕರಿ. ಬರಲಿ. ಮಾತಾಡಿ ನೋಡೋಣ.”

*

ಮುಂದಿನ ಭಾನುವಾರ ಬೆಳಿಗ್ಗೆ ನಾಗೇಂದ್ರ ಬಂದ. ಬಸ್ ಸ್ಟಾಪಿಗೆ ಬರ್ತೀನಿ ಅಂತ ರಂಜಿನಿ ಫೋನಲ್ಲಿ ಎಷ್ಟು ಹೇಳಿದರೂ ಒಪ್ಪಿರಲಿಲ್ಲ. “ನೀವು ಆ ದಾರೀಲಿ ಬೆಳಿಗ್ಗೆ ಬರಬಾರದು,” ಅಂದಿದ್ದ.

ಅಗೆದು ಹಾಕಿದ ಮೋರಿ, ಅರ್ಧ ಟಾರು ಕಂಡ ರಸ್ತೆ, ಜಲ್ಲಿ ರಾಶಿ. ಅವುಗಳ ನಡುವೆ ಮಾಸ್ಕ್ ಹಾಕಿಕೊಂಡು, ಕೋಲಿನಿಂದ ನೆಲ ತಡವುತ್ತಾ ಅವನು ಒಬ್ಬನೇ ಬರುತ್ತಿರುವುದನ್ನು ಗೇಟಿನಲ್ಲಿ ನಿಂತಿದ್ದ ಮುನಿರಾಮಯ್ಯ ದೂರದಿಂದಲೇ ಕಂಡರು. ಎದುರಿಗೆ ಹೋಗಿ ಗಡಿಬಿಡಿಯಲ್ಲಿ ಅವನ ಕೈ ಹಿಡಿದು ಎಳೆದರು.

“ಎಳೀಬೇಡಿ ಸಾರ್. ನಿಮ್ಮ ಮೊಣಕೈ ಕೊಡಿ, ನಾನು ಹಿಡ್ಕೋತೀನಿ,” ಅಂದ ನಾಗೇಂದ್ರ ನಗುತ್ತಾ. “ನೀವು ಹೋದ ಕಡೆ ನಾನೂ ಬರ್ತೀನಿ.”

ಮನೆ ಸೇರುವವರೆಗೆ ಇಬ್ಬರೂ ಮಾತಾಡಿಕೊಂಡೇ ಬಂದರು. ಆ ಗಿಡವನ್ನು ಹೂ ಬಿಟ್ಟ ಮೇಲೆ ಕಡಿಯಬಾರದು, ಮಳೆ ಬಿದ್ದ ಹೊಸದರಲ್ಲೇ ಗ್ಲೌಸ್ ಹಾಕಿಕೊಂಡು ಬೇರು ಸಮೇತ ಕೀಳಬೇಕು ಅನ್ನುವುದೇ ಮಾತು. ಮುನಿರಾಮಯ್ಯ ಒಳಗೆ ಬಂದವರೇ, “ಯಶೋದಾ, ಇಡ್ಲಿಗೆ ಇನ್ನೊಂದು ತಟ್ಟೆ ಹಾಕು,” ಅಂತ ಕೂಗಿ, ಇಬ್ಬರನ್ನೂ ಹಜಾರದಲ್ಲಿ ಬಿಟ್ಟು ಅಡುಗೆಮನೆಗೆ ಹೋದರು.

ರಂಜಿನಿ ಅವನ ಎದುರಿಗೆ ಕೂತಳು. ಎಷ್ಟೋ ಮಾತು ಜೋಡಿಸಿಟ್ಟುಕೊಂಡಿದ್ದಳು. ಎಲ್ಲಕ್ಕಿಂತ ಕೊನೆಗೆ ಇಟ್ಟಿದ್ದ ಮಾತೇ ಮೊದಲು ಬಂತು.

“ನಾನು ನಿಮಗೆ ಸುಳ್ಳು ಹೇಳಿದ್ದೆ,” ಅಂದಳು. “ಡಾಕ್ಟರ್ ಹತ್ರ ಹೋಗಿರಲಿಲ್ಲ.”

“ಗೊತ್ತಾಯ್ತು.”

“ನಿಮ್ಮ ಕಿವಿಗೆ ಎಲ್ಲಾ ಗೊತ್ತಾಗುತ್ತೆ ಅಲ್ವಾ?”

“ಕಣ್ಣಿಲ್ಲದವರಿಗೆ ಕಿವಿ ಚುರುಕು ಅಂತ ಜನ ಅಂತಾರೆ. ಹಾಗೇನಿಲ್ಲ. ನಿಮ್ಮ ದನಿಯನ್ನ ಅಷ್ಟು ಕೇಳಿದೀನಿ, ಅದಕ್ಕೆ ಗೊತ್ತಾಯ್ತು.”

“ಮತ್ತೆ ನನಗೇ ಯಾಕೆ ಹೇಳಲಿಲ್ಲ? ಮೇಡಂ ಹತ್ರ ಯಾಕೆ ಹೇಳಿದ್ರಿ? ಎಷ್ಟು ನೋವಾಯ್ತು ಗೊತ್ತಾ ನನಗೆ...”

ನಾಗೇಂದ್ರ ತಲೆ ತಗ್ಗಿಸಿದ. ಕೈಯಲ್ಲಿದ್ದ ಕೋಲನ್ನು ಮಡಿಸಿದ, ಮತ್ತೆ ಬಿಚ್ಚಿದ.

“ಹೆದರಿದೆ ರಂಜಿನಿ. ಮೂಗು ತೊಳ್ಕೊಳ್ಳಿ, ಮಾಸ್ಕ್ ಹಾಕಿ ಅಂತ ಯಾರಿಗೆ ಬೇಕಾದ್ರೂ ಹೇಳಬಹುದು. ಆದ್ರೆ ‘ನೀವು ಸುಳ್ಳು ಹೇಳ್ತಿದೀರಿ, ನಿಮ್ಮ ಉಸಿರು ಕೇಳಿ ನನಗೆ ನಿದ್ದೆ ಬರ್ತಿಲ್ಲ’ ಅಂತ ಯಾವ ಹಕ್ಕಿನಿಂದ ಹೇಳಲಿ? ಹೇಳಿದ್ರೆ ಅದರ ಹಿಂದೇನೇ ಇನ್ನೊಂದು ಮಾತೂ ಹೇಳಬೇಕಾಗ್ತಿತ್ತು. ಅದಕ್ಕೆ ಧೈರ್ಯ ಬರಲಿಲ್ಲ.”

“ಈಗ ಬಂದಿದ್ಯಾ?”

“ಫೋನ್ ತೆಗೀದೇ ಇದ್ರಲ್ಲ, ಆ ದಿನಗಳಲ್ಲಿ ಬಂತು. ಹೇಳದೇ ಇದ್ರೂ ಕಳ್ಕೋತೀನಿ, ಹೇಳಿದ್ರೂ ಕಳ್ಕೋಬಹುದು. ಹಾಗಾದ್ರೆ ಹೇಳಿಯೇ ಕಳ್ಕೊಳ್ಳೋಣ ಅಂತ.” ಅವನು ಮುಖ ಎತ್ತಿದ. “ನಿಮ್ಮನ್ನ ಪ್ರೀತಿಸ್ತೀನಿ. ನಿಮ್ಮ ದನಿಯನ್ನ ಮಾತ್ರ ಅಲ್ಲ. ದನಿ ಕಟ್ಟಿದ್ದಾಗ, ಸೀನುವಾಗ, ಸಿಟ್ಟಾದಾಗ... ಎಲ್ಲಾ ಸೇರಿಸಿ. ನನ್ನನ್ನ ಮದುವೆ ಆಗ್ತೀರಾ?”

ಒಳಗೆ ಪಾತ್ರೆಯ ಸದ್ದು ಥಟ್ಟನೆ ನಿಂತಿತು. ಅಪ್ಪ ಅಮ್ಮ ಇಬ್ಬರೂ ಉಸಿರು ಬಿಗಿಹಿಡಿದು ಕೇಳುತ್ತಿದ್ದಾರೆ ಅಂತ ರಂಜಿನಿಗೆ ಗೊತ್ತಾಯಿತು. ನಗು ಬಂತು. ಜೊತೆಗೆ ಕಣ್ಣೂ ತುಂಬಿತು.

ಅವನು ಕಾಯುತ್ತಿದ್ದ. ಕ್ಲಾಸಿನಲ್ಲಿ ಅಷ್ಟು ಧೈರ್ಯವಾಗಿ ನಿಲ್ಲುವ ಮನುಷ್ಯ ಈಗ ಕೋಲನ್ನು ಮಡಿಸುತ್ತಾ ಬಿಚ್ಚುತ್ತಾ ಕೂತಿದ್ದ.

“ರಂಜಿನಿ... ಏನಾದ್ರೂ ಹೇಳಿ. ನೀವು ಸುಮ್ಮನಿದ್ರೆ ನನಗೆ ಏನೂ ಗೊತ್ತಾಗಲ್ಲ.”

ಅವಳು ಎದ್ದು ಹತ್ತಿರ ಹೋದಳು. ಕೋಲು ಹಿಡಿದಿದ್ದ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಬಾ,” ಅಂದಳು. “ಇಡ್ಲಿ ಆರಿಹೋಗುತ್ತೆ.”

ಅವನು ಅಲ್ಲಾಡಲಿಲ್ಲ. “ಏನಂದ್ರಿ?”

“ಇಡ್ಲಿ ಆರಿಹೋಗುತ್ತೆ ಅಂದೆ.”

“ಅದಕ್ಕೆ ಮುಂಚೆ.”

“ಬಾ ಅಂದೆ.”

“ಬನ್ನಿ ಅಲ್ವಾ?”

“ಅಲ್ಲ.” ಅವಳು ಅವನ ಕಿವಿಯ ಹತ್ತಿರಕ್ಕೆ ಬಗ್ಗಿದಳು. “ಇನ್ನು ಮೇಲೆ ಬನ್ನಿ ಅನ್ನಲ್ಲ. ಬಾರೋ.”